ಗುಟುಕಿಗೂ ಮಾತಿಗೂ ಒಂದೇ ಬಾಗಿಲು

ಹಳೇ ಮೈಸೂರು ಸೀಮೆಯಲ್ಲಿ ಮುದ್ದೆ ಉಂಡು ಗೊತ್ತಿಲ್ಲದ ನೆಂಟರಿಗೆ ಹೇಳಿಕೊಡುವ ಮೊದಲ ಪಾಠ ಒಂದೇ: ಅಗಿಯಬೇಡಿ, ನುಂಗಿ. ತುತ್ತು ಮುರಿದು ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟ ಮರುಗಳಿಗೆಗೆ ಅದು ಗಂಟಲು ಇಳಿದಿರುತ್ತದೆ. ರೂಢಿಯಿದ್ದವರಿಗೆ ಇದು ಲೆಕ್ಕಕ್ಕೇ ಬಾರದ ಕೆಲಸ. ಆದರೆ ಆ ಗಳಿಗೆಯಲ್ಲಿ ಗಂಟಲೊಳಗೆ ಏನೇನಾಗುತ್ತದೆ ಎಂಬುದನ್ನು ಎಕ್ಸ್‌ರೇ ವಿಡಿಯೊದಲ್ಲಿ ನಿಧಾನವಾಗಿ ಓಡಿಸಿ ನೋಡಿದರೆ ಬೆರಗಾಗುತ್ತದೆ.

ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಮೃದು ಅಂಗುಳ ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಏರುತ್ತದೆ. ಕತ್ತಿನ ಮೇಲೆ ಎರಡು ಬೆರಳಿಟ್ಟು ಎಂಜಲು ನುಂಗಿದರೆ ಈ ಏರಿಳಿತ ಯಾರ ಕೈಗಾದರೂ ಸಿಗುತ್ತದೆ. ಅಷ್ಟರಲ್ಲಿ ಧ್ವನಿತಂತುಗಳು ಬಿಗಿಯಾಗಿ ಕೂಡಿಕೊಂಡಿರುತ್ತವೆ, ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮೃದ್ವಸ್ಥಿ ಶ್ವಾಸನಾಳದ ಬಾಯಿಯ ಮೇಲೆ ಬಾಗಿರುತ್ತದೆ, ಉಸಿರು ನಿಂತಿರುತ್ತದೆ, ಅನ್ನನಾಳದ ಮೇಲ್ತುದಿ ತೆರೆದಿರುತ್ತದೆ. 30ಕ್ಕೂ ಹೆಚ್ಚು ಸ್ನಾಯುಗಳು ಮಿದುಳಿನ ಅಪ್ಪಣೆಯಂತೆ ಒಂದರ ಹಿಂದೊಂದು ಕೆಲಸ ಮಾಡುತ್ತವೆ. ಗಂಟಲಿನ ಪಾಲಿನ ಕೆಲಸವೆಲ್ಲ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ.

ಇದೇ ತುಟಿ, ಇದೇ ನಾಲಿಗೆ, ಇದೇ ಅಂಗುಳ, ಇದೇ ಧ್ವನಿತಂತುಗಳಿಂದ ನಾವು ಮಾತನ್ನೂ ಆಡುತ್ತೇವೆ. ಹಾಗಾಗಿ ಆಸ್ಪತ್ರೆಗಳಲ್ಲಿ ಮಾತಿನ ಚಿಕಿತ್ಸೆ ಕೊಡುವ ಸ್ಪೀಚ್ ಥೆರಪಿಸ್ಟ್‌ಗಳೇ ನುಂಗುವ ತೊಂದರೆಯನ್ನೂ ನೋಡುತ್ತಾರೆ. ಸ್ಪೀಚ್ ಥೆರಪಿ ಎಂದರೆ ಮಾತು ತಡವಾದ ಮಕ್ಕಳಿಗೆ, ಉಗ್ಗುವವರಿಗೆ ಮಾತ್ರ ಎಂದುಕೊಂಡ ಮನೆಯವರಿಗೆ, ಐಸಿಯು ಬಾಗಿಲಲ್ಲಿ ಥೆರಪಿಸ್ಟ್ ಬಂದು ‘ಇವತ್ತು ಬಾಯಿಗೆ ಏನೂ ಕೊಡಬೇಡಿ’ ಎಂದಾಗ ಗಲಿಬಿಲಿಯಾಗುತ್ತದೆ.

ಈ ಗಲಿಬಿಲಿ ಹೆಚ್ಚಾಗಿ ಕಾಣುವುದು ಪಾರ್ಶ್ವವಾಯು ಬಡಿದವರ ಮಂಚದ ಪಕ್ಕದಲ್ಲಿ. ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಿಗೆ ನುಂಗುವುದು ಒಂದಲ್ಲ ಒಂದು ಮಟ್ಟಕ್ಕೆ ಕಷ್ಟವಾಗಿರುತ್ತದೆ. ನೋಡಲು ಬಂದವರ ಕೈಯಲ್ಲಿ ಎಳನೀರು ಇರುತ್ತದೆ. ‘ಪಾಪ, ಬಾಯಿ ಒಣಗಿಹೋಗಿದೆ, ಒಂದು ಗುಟುಕು ಕುಡಿಸಿ’ ಎಂಬ ಕಕ್ಕುಲಾತಿಯ ಮಾತಿಗೆ ಬೇಡ ಎನ್ನುವುದು ಹೇಗೆ? ಆದರೆ ಆ ಹೊತ್ತಿನಲ್ಲಿ ಎಳನೀರಿನಂಥ ತೆಳು ದ್ರವವೇ ಎಲ್ಲಕ್ಕಿಂತ ಅಪಾಯಕಾರಿ. ಅದು ನಾಲಿಗೆಯ ಹಿಡಿತ ತಪ್ಪಿಸಿಕೊಂಡು, ಧ್ವನಿತಂತುಗಳು ಕೂಡಿಕೊಳ್ಳುವ ಮೊದಲೇ ಗಂಟಲಿಗೆ ಹರಿದು, ಶ್ವಾಸನಾಳಕ್ಕೆ ಇಳಿಯಬಲ್ಲದು. ಹಾಗೆ ಇಳಿದ ದ್ರವ, ಅದರ ಜತೆಗೆ ಬಾಯಿಯ ಬ್ಯಾಕ್ಟೀರಿಯಾ, ಎರಡೂ ಶ್ವಾಸಕೋಶ ಸೇರಿದರೆ ನ್ಯುಮೋನಿಯಾ. ಸ್ಟ್ರೋಕ್‌ನಿಂದ ಬದುಕುಳಿದವರನ್ನು ಆಮೇಲೆ ಬಲಿ ತೆಗೆದುಕೊಳ್ಳುವ ಕಾರಣಗಳಲ್ಲಿ ಇದು ಮುಖ್ಯವಾದದ್ದು.

ಊಟದ ನಡುವೆ ನೆತ್ತಿಗೇರಿದರೆ ತಲೆ ತಟ್ಟಿ ‘ಯಾರೋ ನೆನೆಸಿಕೊಳ್ತಿದಾರೆ’ ಅನ್ನುವುದು ನಮ್ಮ ರೂಢಿ. ಆ ಕೆಮ್ಮು ದೇಹ ತನ್ನನ್ನು ಕಾಯ್ದುಕೊಳ್ಳುವ ಬಗೆ. ಮಿದುಳಿಗೆ ಪೆಟ್ಟು ಬಿದ್ದವರಲ್ಲಿ ಕೆಲವರಿಗೆ ಆ ಕೆಮ್ಮೇ ಬರುವುದಿಲ್ಲ. ನೀರು ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಕುಡಿಸಿದವರು ಸಲೀಸಾಗಿ ಕುಡಿದರು ಎಂದು ಸಮಾಧಾನಪಡುತ್ತಾರೆ. ಥೆರಪಿಸ್ಟ್‌ಗಳು ಬೇರೆ ಸುಳಿವುಗಳಿಗೆ ಕಿವಿಗೊಡುತ್ತಾರೆ. ಗುಟುಕು ಇಳಿದ ಮೇಲೆ ‘ಆ...’ ಅನ್ನಿಸಿದಾಗ ದನಿ ಒದ್ದೆಯಾಗಿ ಗೊಳಗೊಳ ಅನ್ನುತ್ತದೆಯೆ? ಒಂದು ತುತ್ತಿಗೆ ಮೂರು ನಾಲ್ಕು ಸಲ ನುಂಗುತ್ತಿದ್ದಾರೆಯೆ? ಊಟ ಮುಗಿದ ಮೇಲೂ ಕೆನ್ನೆಯ ಒಂದು ಬದಿಯಲ್ಲಿ ಅನ್ನ ಉಳಿದಿದೆಯೆ? ಸಂಜೆಯಾದರೆ ಮೈ ಬಿಸಿಯಾಗುತ್ತಿದೆಯೆ?

ಈ ಪರೀಕ್ಷೆಯನ್ನು ತಡಮಾಡದೆ ಮಾಡುವುದರಿಂದ ಎಷ್ಟು ಫಲವಿದೆ ಎಂಬುದಕ್ಕೆ ಆಸ್ಟ್ರೇಲಿಯಾದ ಪ್ರಯೋಗವೊಂದು ಗಟ್ಟಿ ಸಾಕ್ಷ್ಯ. ನ್ಯೂ ಸೌತ್ ವೇಲ್ಸ್ ರಾಜ್ಯದ 19 ಸ್ಟ್ರೋಕ್ ಘಟಕಗಳಲ್ಲಿ ನಡೆದ ಈ ಪ್ರಯೋಗದ ಫಲಿತಾಂಶ 2011ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಘಟಕಗಳಲ್ಲಿ ದಾದಿಯರಿಗೆ ಮೂರು ವಿಷಯಗಳಲ್ಲಿ ತರಬೇತಿ ಕೊಟ್ಟರು: ಜ್ವರ ಇಳಿಸುವುದು, ಸಕ್ಕರೆ ಹತೋಟಿಯಲ್ಲಿಡುವುದು, ನುಂಗುವ ಶಕ್ತಿಯನ್ನು ಬೇಗ ಪರೀಕ್ಷಿಸುವುದು. ಹೊಸ ಔಷಧವಾಗಲಿ ದುಬಾರಿ ಯಂತ್ರವಾಗಲಿ ಇರಲಿಲ್ಲ. ಮೂರು ತಿಂಗಳ ನಂತರ, ತರಬೇತಿ ಇಲ್ಲದ ಘಟಕಗಳ ರೋಗಿಗಳಲ್ಲಿ ಶೇ 58ರಷ್ಟು ಮಂದಿ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿದ್ದರು. ತರಬೇತಿ ಪಡೆದ ಘಟಕಗಳಲ್ಲಿ ಆ ಪ್ರಮಾಣ ಶೇ 42. ಮೂರೂ ಕ್ರಮಗಳು ಸೇರಿ ತಂದ ಫಲ ಇದು, ನಿಜ. ಆದರೂ ನಮ್ಮ ಜಿಲ್ಲಾ ಆಸ್ಪತ್ರೆಗಳ ವಾರ್ಡುಗಳಲ್ಲಿ ಇಂಥ ಪರೀಕ್ಷೆ ದಿನಚರಿಯ ಭಾಗವಾಗಬೇಕೆಂದು ವಾದಿಸಲು ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಮಂಚದ ಪಕ್ಕದ ಪರೀಕ್ಷೆಯಲ್ಲಿ ಅನುಮಾನ ಉಳಿದರೆ ಒಳಗೆ ನೋಡಲೇಬೇಕು. ಅದಕ್ಕೆ ಎರಡು ದಾರಿಗಳಿವೆ. ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸಿ ಎಕ್ಸ್‌ರೇ ವಿಡಿಯೊ ತೆಗೆಯುವುದು ಒಂದು; ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿದ್ದ ಜೆರಿ ಲೋಗೆಮನ್ ಇದನ್ನು ಶಾಸ್ತ್ರೀಯವಾಗಿ ಬೆಳೆಸಿ, 1983ರಲ್ಲಿ ಪುಸ್ತಕವಾಗಿ ತಂದರು. ಮೂಗಿನ ಮೂಲಕ ತೆಳ್ಳನೆಯ ಕ್ಯಾಮೆರಾ ಇಳಿಸಿ ಗಂಟಲನ್ನು ನೇರವಾಗಿ ನೋಡುವುದು ಇನ್ನೊಂದು. 1988ರಲ್ಲಿ ಸೂಸನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು ವಿವರಿಸಿದ ಈ ವಿಧಾನಕ್ಕೆ ರೋಗಿಯನ್ನು ಎಕ್ಸ್‌ರೇ ಕೋಣೆಗೆ ಸಾಗಿಸಬೇಕಿಲ್ಲ.

ಒಳಗಿನ ತೊಂದರೆ ಗೊತ್ತಾದ ಮೇಲೆ ಚಿಕಿತ್ಸೆಯ ಬಹುಪಾಲು ನಡೆಯುವುದು ಅಡುಗೆಮನೆಯಲ್ಲಿ. ಇಲ್ಲಿ ಕನ್ನಡದ ಮನೆಗಳು ಕಲಿಯಬೇಕಾದ್ದು ಸಾಕಷ್ಟಿದೆ. ಮುದ್ದೆ ಮೆತ್ತಗಿದೆ, ಕೊಡಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಮೆತ್ತಗಿದ್ದರೂ ಅದು ಅಂಟು. ಗಂಟಲಿನ ಬಲ ಕುಂದಿದವರಲ್ಲಿ ಅದು ಅರ್ಧದಲ್ಲೇ ಕಚ್ಚಿಕೊಳ್ಳಬಹುದು. ಸಾರು ಅನ್ನ ಹಗುರವೆಂಬ ನಂಬಿಕೆಯೂ ಸರಿಯಲ್ಲ. ಅಲ್ಲಿ ಅಗುಳೂ ಇದೆ, ನೀರಿನಂಥ ಸಾರೂ ಇದೆ. ಅಗುಳನ್ನು ಅಗಿಯುತ್ತಿರುವಾಗಲೇ ಸಾರು ಗಂಟಲಿಗೆ ಜಾರುತ್ತದೆ. ಎರಡು ಹದ ಒಟ್ಟಿಗಿರುವ ಊಟವನ್ನು ನಿಭಾಯಿಸುವುದು ದುರ್ಬಲ ನಾಲಿಗೆಗೆ ಬಹಳ ಕಷ್ಟ. ಮಂಡಕ್ಕಿ, ಒಣ ಅವಲಕ್ಕಿಯಂಥ ಉದುರು ತಿಂಡಿಗಳು ಬಾಯ್ತುಂಬ ಚದುರುತ್ತವೆ. ಐಸ್‌ಕ್ರೀಮ್ ಬಾಯಿಗಿಟ್ಟಾಗ ಗಟ್ಟಿ, ಗಂಟಲು ತಲುಪುವಾಗ ನೀರು.

ಹಾಗಾದರೆ ಎಷ್ಟು ಗಟ್ಟಿ, ಎಷ್ಟು ತೆಳು? ‘ಸ್ವಲ್ಪ ಗಟ್ಟಿಯಾಗಿ ಕೊಡಿ’ ಎಂದರೆ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಹದ. ಈ ಗೊಂದಲ ನೀಗಿಸಲು ಹಲವು ದೇಶಗಳ ತಜ್ಞರು ಸೇರಿ ‘ಇಡ್ಸಿ’ ಎಂಬ ಅಳತೆಗೋಲನ್ನು ರೂಪಿಸಿದ್ದಾರೆ. ಸೊನ್ನೆಯಿಂದ ಏಳರವರೆಗೆ ಎಂಟು ಹಂತಗಳು. ಸೊನ್ನೆ ಎಂದರೆ ನೀರು, ಏಳು ಎಂದರೆ ಮಾಮೂಲಿ ಊಟ. ಅಳೆಯಲು ಬೇಕಾದ್ದು 10 ಎಂಎಲ್‌ನ ಒಂದು ಸಿರಿಂಜ್. ಸೂಜಿ ಮತ್ತು ಹಿಂದಿನ ದಂಡ ತೆಗೆದು, ಕೆಳತುದಿಯನ್ನು ಬೆರಳಿನಿಂದ ಮುಚ್ಚಿ, ಅಂಬಲಿಯನ್ನೋ ಮಜ್ಜಿಗೆಯನ್ನೋ 10ರ ಗೆರೆವರೆಗೆ ತುಂಬಬೇಕು. ಬೆರಳು ತೆಗೆದು ಹತ್ತು ಸೆಕೆಂಡಿಗೆ ಮತ್ತೆ ಮುಚ್ಚಬೇಕು. ಒಳಗೆ ಒಂದು ಎಂಎಲ್‌ಗಿಂತ ಕಡಿಮೆ ಉಳಿದರೆ ಅದು ತೆಳು ದ್ರವ. ಒಂದರಿಂದ ನಾಲ್ಕು ಉಳಿದರೆ ಮೊದಲ ಹಂತ, ನಾಲ್ಕರಿಂದ ಎಂಟು ಎರಡನೆಯದು, ಎಂಟಕ್ಕಿಂತ ಹೆಚ್ಚು ಉಳಿದರೆ ಮೂರನೆಯದು. ಹನಿಯೂ ಇಳಿಯದಿದ್ದರೆ ನಾಲ್ಕು ಅಥವಾ ಅದಕ್ಕೂ ಮೇಲೆ. ಎಲ್ಲ ಕಂಪನಿಯ ಸಿರಿಂಜುಗಳ ಅಳತೆ ಒಂದೇ ಇರುವುದಿಲ್ಲ. ಸೊನ್ನೆಯಿಂದ ಹತ್ತರ ಗೆರೆಗೆ 61.5 ಮಿಲಿಮೀಟರ್ ಇರಬೇಕು. ಔಷಧದಂಗಡಿಯ ಸಿರಿಂಜ್ ಹೀಗೆ ಸೊಸೆಯ ಕೈಯಲ್ಲಿ ಅಡುಗೆಯ ಸಾಧನವಾಗುವುದು ಮೆಚ್ಚುವಂಥ ಸಂಗತಿ.

ರಾಗಿ ಅಂಬಲಿ ಒಳ್ಳೆಯ ಆಹಾರ, ಆದರೆ ಒಲೆಯಿಂದ ಇಳಿಸಿದಾಗ ಇದ್ದ ಹದ ಆರಿದ ಮೇಲೆ ಇರುವುದಿಲ್ಲ. ಕೊಡುವ ಹೊತ್ತಿಗೆ ಅಳೆಯಬೇಕು. ಹಿಟ್ಟಿನಿಂದ ಗಟ್ಟಿ ಮಾಡಿದ ಯಾವುದಕ್ಕೇ ಆಗಲಿ ಎಂಜಲು ತಾಗಿದ ಚಮಚವನ್ನು ಮತ್ತೆ ಅದ್ದಿದರೆ, ಎಂಜಲಿನ ಕಿಣ್ವ ಪಿಷ್ಟವನ್ನು ಕರಗಿಸಿ ಬಟ್ಟಲಲ್ಲಿ ಉಳಿದದ್ದು ತೆಳುವಾಗುತ್ತ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಕ್ಸಾಂಥನ್ ಗಮ್ ಪುಡಿಗೆ ಈ ತೊಂದರೆಯಿಲ್ಲ, ಅದಕ್ಕೆ ಬೆಲೆ ಹೆಚ್ಚು. ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು: ಗಟ್ಟಿ ಮಾಡಿದ ನೀರು ಯಾರಿಗೂ ರುಚಿಸುವುದಿಲ್ಲ. ಅದನ್ನೇ ಕೊಡುತ್ತ ಹೋದರೆ ರೋಗಿ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಮೈಯಲ್ಲಿ ನೀರಿನಂಶ ತಗ್ಗುತ್ತದೆ. ಹಾಗಾಗಿ ಒಮ್ಮೆ ಬರೆದುಕೊಟ್ಟ ಪಥ್ಯ ಶಾಶ್ವತವಲ್ಲ. ಮರುಪರೀಕ್ಷೆ ಆಗುತ್ತಲೇ ಇರಬೇಕು.

ಪಥ್ಯದ ಜತೆಗೆ ಭಂಗಿ, ವ್ಯಾಯಾಮ. ‘ತಾತ, ನೆಟ್ಟಗೆ ಕೂತ್ಕೊಳಿ. ಗದ್ದ ಎದೆ ಕಡೆ ತನ್ನಿ. ಈಗ ಗಟ್ಟಿಯಾಗಿ ನುಂಗಿ’ ಎಂದು ಥೆರಪಿಸ್ಟ್ ಹೇಳುವಾಗ ಅದು ಬರಿಯ ಸಮಾಧಾನದ ಮಾತಲ್ಲ. ಗದ್ದ ತಗ್ಗಿಸಿದಾಗ ಗಂಟಲಿನ ಆಕಾರ ಬದಲಾಗಿ ಕೆಲವರಲ್ಲಿ ಶ್ವಾಸನಾಳದ ಬಾಯಿಗೆ ಹೆಚ್ಚು ರಕ್ಷಣೆ ಸಿಗುತ್ತದೆ. ಗಂಟಲಿನ ಒಂದು ಬದಿ ಸೋತಿದ್ದರೆ ಆ ಕಡೆಗೇ ಮುಖ ತಿರುಗಿಸಿ ನುಂಗಿಸುತ್ತಾರೆ; ಸೋತ ಬದಿ ಮುಚ್ಚಿಕೊಂಡು ತುತ್ತು ಬಲವಿರುವ ಬದಿಯಲ್ಲಿ ಇಳಿಯುತ್ತದೆ. ಯಾರಿಗೆ ಯಾವುದು ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು. ಪಕ್ಕದ ಮಂಚದವರಿಗೆ ಹೇಳಿದ್ದನ್ನು ನೋಡಿ ಅನುಕರಿಸುವುದು ತಪ್ಪು.

ಗಂಟಲ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದವರ ಕಥೆ ಬೇರೆ. ಅವರಲ್ಲಿ ಉಸಿರಿಗೂ ಅನ್ನಕ್ಕೂ ದಾರಿ ಬೇರೆಬೇರೆಯಾಗುತ್ತದೆ. ಕತ್ತಿನ ಬುಡದಲ್ಲಿ ಮಾಡಿದ ರಂಧ್ರದಿಂದ ಉಸಿರಾಟ, ಬಾಯಿಂದ ಊಟ. ಮಾತಿಗೆ ಬೇಕಾದ ಗಾಳಿ ಬಾಯಿಗೆ ಬರುವುದೇ ಇಲ್ಲ. 1980ರ ಸುಮಾರಿಗೆ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಸ್ಪೀಚ್ ಪೆಥಾಲಜಿಸ್ಟ್ ಎರಿಕ್ ಬ್ಲೋಮ್ ಮತ್ತು ಶಸ್ತ್ರಚಿಕಿತ್ಸಕ ಮಾರ್ಕ್ ಸಿಂಗರ್ ಜತೆಗೂಡಿ ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಕೂರುವ ಪುಟ್ಟ ಕವಾಟ ತಯಾರಿಸಿದರು. ಕತ್ತಿನ ರಂಧ್ರಕ್ಕೆ ಬೆರಳಿಟ್ಟು ಉಸಿರು ಬಿಟ್ಟರೆ ಗಾಳಿ ಅನ್ನನಾಳ ಹೊಕ್ಕು, ಅದರ ಮೇಲ್ತುದಿಯ ಗೋಡೆಗಳು ಕಂಪಿಸುವಂತೆ ಮಾಡಿ ದನಿಯಾಗುತ್ತದೆ. ಕವಾಟ ಕೂರಿಸುವುದು ಶಸ್ತ್ರಚಿಕಿತ್ಸಕರ ಕೆಲಸ, ಆ ಹೊಸ ದನಿಯಲ್ಲಿ ಮಾತು ಕಲಿಸುವುದು ಥೆರಪಿಸ್ಟ್‌ರ ಕೆಲಸ. ವಿದೇಶಿ ಕವಾಟಗಳಿಗೆ ಸಾವಿರಾರು ರೂಪಾಯಿ ಬೆಲೆ, ಅದೂ ಆಗಾಗ ಬದಲಿಸಬೇಕು. ಇದನ್ನು ಕಂಡು ಬೆಂಗಳೂರಿನ ಕ್ಯಾನ್ಸರ್ ಶಸ್ತ್ರಚಿಕಿತ್ಸಕ ಡಾ. ವಿಶಾಲ್ ರಾವ್ ‘ಔಮ್’ ಹೆಸರಿನ ಕವಾಟವನ್ನು ರೂಪಿಸಿದರು. ಅವರು ಹೇಳಿದ ಬೆಲೆ ಸುಮಾರು 50 ರೂಪಾಯಿ. ದುಡ್ಡಿಲ್ಲದ ಕಾರಣಕ್ಕೆ ಯಾರೂ ಮೂಕರಾಗಿ ಉಳಿಯಬಾರದು ಎಂಬ ಕಳಕಳಿಯ ವೈದ್ಯವಿಜ್ಞಾನ ನಮ್ಮ ನೆಲದಲ್ಲೇ ಹುಟ್ಟಿದ್ದಕ್ಕೆ ಹೆಮ್ಮೆಪಡಬೇಕು.

ದನಿ, ಉಚ್ಚಾರ, ಭಾಷೆ ಮೂರೂ ಬೇರೆ. ಮಿದುಳಿನ ಪೆಟ್ಟಿನಿಂದ ಯಾವುದು ಕೆಟ್ಟಿದೆ ಎಂದು ಬಿಡಿಸಿ ನೋಡುವುದೇ ಥೆರಪಿಸ್ಟ್‌ರ ಮೊದಲ ಕೆಲಸ. ‘ಪ-ಟ-ಕ, ಪ-ಟ-ಕ’ ಎಂದು ಬೇಗಬೇಗ ಹೇಳಿಸುತ್ತಾರೆ. ಪಕಾರಕ್ಕೆ ತುಟಿ, ಟಕಾರಕ್ಕೆ ನಾಲಿಗೆಯ ತುದಿ, ಕಕಾರಕ್ಕೆ ನಾಲಿಗೆಯ ಬುಡ. ಕವರ್ಗದಿಂದ ಪವರ್ಗದವರೆಗೆ ಗಂಟಲಿನ ಕಡೆಯಿಂದ ತುಟಿಯ ಕಡೆಗೆ ಸಾಗುವ ನಮ್ಮ ವರ್ಣಮಾಲೆಯನ್ನು ಬಲ್ಲವರಿಗೆ ಈ ಪರೀಕ್ಷೆಯ ತರ್ಕ ಥಟ್ಟನೆ ಹೊಳೆಯುತ್ತದೆ. ಸ್ನಾಯುಗಳು ಸೋತು ಉಚ್ಚಾರ ತೊದಲಿದ್ದರೆ ಅದಕ್ಕೊಂದು ಬಗೆಯ ಚಿಕಿತ್ಸೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ದನಿ ಪಿಸುಮಾತಿನಷ್ಟು ಕುಗ್ಗಿದವರಿಗೆ ವಾರಕ್ಕೆ ನಾಲ್ಕು ದಿನದಂತೆ ನಾಲ್ಕು ವಾರ ಜೋರಾಗಿ ಮಾತಾಡಿಸುವ, ಲೀ ಸಿಲ್ವರ್‌ಮನ್ ಎಂಬ ರೋಗಿಯ ಹೆಸರಿನ ಪದ್ಧತಿ ಇದೆ. ಬಾಯಿ, ನಾಲಿಗೆ ಸರಿಯಿದ್ದೂ ಪದಗಳೇ ಕೈಗೆ ಸಿಗದಿದ್ದರೆ ಅದು ಅಫೇಸಿಯಾ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರನ್ನು ಕಾಡುವ ಸ್ಥಿತಿ ಇದು.

1861ರಲ್ಲಿ ಪ್ಯಾರಿಸ್ಸಿನ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ವೈದ್ಯ ಪಾಲ್ ಬ್ರೋಕಾ ಪರೀಕ್ಷಿಸಿದ ಲೆಬೋರ್ನ್ಯ ಎಂಬ ರೋಗಿಗೆ ಉಳಿದಿದ್ದುದು ‘ತಾನ್’ ಎಂಬ ಒಂದೇ ಶಬ್ದ. ಸಿಟ್ಟು ಬಂದಾಗ ಮಾತ್ರ ಒಂದು ಬೈಗುಳ ಸಲೀಸಾಗಿ ಹೊರಬೀಳುತ್ತಿತ್ತು. ಆತ ತೀರಿಕೊಂಡ ಮೇಲೆ ಮಿದುಳನ್ನು ಹೊರತೆಗೆದು ನೋಡಿದ ಬ್ರೋಕಾ, ಎಡಭಾಗದ ಮುಂದುಗಡೆ ಹಾನಿಯಾಗಿದ್ದನ್ನು ಕಂಡರು. ಬೈಗುಳದ ಒಗಟು ಇವತ್ತಿಗೂ ವಾರ್ಡುಗಳಲ್ಲಿ ಕಾಣುತ್ತದೆ. ತಮ್ಮ ಹೆಸರು ಹೇಳಲಾಗದವರು ಒಂದರಿಂದ ಹತ್ತು ಎಣಿಸುತ್ತಾರೆ, ವಾರಗಳನ್ನು ಹೇಳುತ್ತಾರೆ, ದೇವರನಾಮಕ್ಕೆ ದನಿಗೂಡಿಸುತ್ತಾರೆ. ರೂಢಿಯಿಂದ ಬಾಯಿಪಾಠವಾದದ್ದು ಉಳಿಯುತ್ತದೆ, ಯೋಚಿಸಿ ಹೊಸದಾಗಿ ಜೋಡಿಸಬೇಕಾದ್ದು ತಪ್ಪುತ್ತದೆ. ಹಾಡಿನ ಈ ಎಳೆ ಹಿಡಿದು, ರಾಗದ ಮೂಲಕ ಮಾತನ್ನು ಮರಳಿ ತರುವ ಚಿಕಿತ್ಸೆಯನ್ನು ಬೋಸ್ಟನ್ನಿನ ತಜ್ಞರು 1973ರಲ್ಲಿ ಮುಂದಿಟ್ಟರು.

ಮಾತು ಹೋದರೆ ಬುದ್ಧಿಯೂ ಹೋಯಿತು ಎಂದು ಸುತ್ತಲಿನವರು ಎಷ್ಟು ಬೇಗ ತೀರ್ಮಾನಿಸುತ್ತಾರೆ! ನಿನ್ನೆಯವರೆಗೆ ‘ನೀವು’ ಎನ್ನುತ್ತಿದ್ದವರು ಇವತ್ತು ಏಕವಚನಕ್ಕಿಳಿದು, ಕಿವುಡರೊಂದಿಗೆ ಮಾತಾಡುವಂತೆ ಕೂಗುತ್ತಾರೆ. ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್‌ಗೆ 1783ರ ಜೂನ್‌ನಲ್ಲಿ ಸ್ಟ್ರೋಕ್ ಆಯಿತು. ನಡುರಾತ್ರಿ ಎಚ್ಚರವಾದಾಗ ಗಾಬರಿಗೊಂಡ ಅವರು, ಬುದ್ಧಿ ನೆಟ್ಟಗಿದೆಯೆ ಎಂದು ತಿಳಿಯಲು ಮನಸ್ಸಿನಲ್ಲೇ ಲ್ಯಾಟಿನ್ ಪದ್ಯದಲ್ಲಿ ಪ್ರಾರ್ಥನೆ ಕಟ್ಟಿದರು. ಪದ್ಯ ಅಷ್ಟೇನೂ ಚೆನ್ನಾಗಿಲ್ಲವೆಂದು ತಮಗೇ ಹೊಳೆದಾಗ, ವಿವೇಚನೆ ಉಳಿದಿದೆ ಎಂಬ ಧೈರ್ಯ ಬಂತು. ಮಾತು ಮಾತ್ರ ಹೊರಡುತ್ತಿರಲಿಲ್ಲ. ನೆರೆಯವರಿಗೆ ಚೀಟಿ ಬರೆದು ಸಹಾಯ ಕೇಳಿದರು. ಸ್ವೀಡನ್ನಿನ ಕವಿ ತೂಮಸ್ ಟ್ರಾನ್ಸ್‌ಟ್ರೋಮರ್‌ಗೆ 1990ರಲ್ಲಿ ಬಲಭಾಗ ಬಿದ್ದುಹೋಗಿ, ಮಾತು ಬಹುಪಾಲು ನಿಂತಿತು. ಆಮೇಲೂ ಅವರ ಕವನ ಸಂಕಲನಗಳು ಬಂದವು. ಎಡಗೈಯಲ್ಲಿ ಪಿಯಾನೊ ನುಡಿಸಿದರು. 2011ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಚಿಕಿತ್ಸೆ ನಡೆಯುವ ಬಗೆ ಹೀಗೆ: ಮೇಜಿನ ಮೇಲೆ ಲೋಟದ ಚಿತ್ರ. ರೋಗಿಗೆ ಅದೇನೆಂದು ಚೆನ್ನಾಗಿ ಗೊತ್ತು. ‘ಅದು... ಅದೇ... ನೀರು...’ ಎನ್ನುತ್ತಾರೆ. ಥೆರಪಿಸ್ಟ್ ಕಾಯುತ್ತಾರೆ. ‘ಹೌದು, ನೀರು ಕುಡಿಯೋಕೆ ಒಂದು ಸ್ಟೀಲ್...’ ಎಂದು ವಾಕ್ಯವನ್ನು ಅರ್ಧಕ್ಕೆ ಬಿಡುತ್ತಾರೆ. ಬರಲಿಲ್ಲವೆಂದರೆ ‘ಲೋ...’ ಎಂಬ ಮೊದಲ ಅಕ್ಷರ. ‘ಲೋಟ!’ ಪಕ್ಕದಲ್ಲಿ ಕೂತ ಮಗಳು ಅಷ್ಟು ಹೊತ್ತು ತುಟಿ ಬಿಗಿಹಿಡಿದು ಕೂತಿರುವುದೂ ಚಿಕಿತ್ಸೆಯ ಭಾಗವೇ. ಪದವನ್ನು ತಾನೇ ಹೇಳಿಬಿಟ್ಟರೆ ಅಪ್ಪನ ಮಿದುಳು ಹುಡುಕುವ ಕೆಲಸವನ್ನು ಬಿಡುತ್ತದೆ. ಇಂಥ ಚಿಕಿತ್ಸೆ ಫಲ ಕೊಡುತ್ತದೆಯೆ ಎಂಬ ಪ್ರಶ್ನೆಗೆ 2016ರ ಕಾಕ್ರೇನ್ ವಿಮರ್ಶೆ 57 ಪ್ರಯೋಗಗಳನ್ನು ಜಾಲಾಡಿ ಉತ್ತರಿಸಿತು: ಕೊಡುತ್ತದೆ, ದಿನನಿತ್ಯದ ಮಾತುಕತೆ, ಓದು, ಬರಹಗಳಲ್ಲಿ ಸುಧಾರಣೆ ಕಾಣುತ್ತದೆ.

ಯಾವ ಭಾಷೆಯಲ್ಲಿ ಎಂಬುದು ಕರ್ನಾಟಕದಲ್ಲಿ ಸಣ್ಣ ಪ್ರಶ್ನೆಯಲ್ಲ. ಮನೆಯಲ್ಲಿ ತುಳು ಅಥವಾ ಉರ್ದು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರಿಗೆ ಸ್ಟ್ರೋಕ್ ಆದಾಗ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಹೋಗಬೇಕೆಂದಿಲ್ಲ, ಒಟ್ಟಿಗೆ ಮರಳಬೇಕೆಂದೂ ಇಲ್ಲ. ಮೊದಲು ಕಲಿತದ್ದು ಉಳಿಯುತ್ತದೆ ಎಂಬ ವಾದ 1881ರಲ್ಲಿ ಫ್ರಾನ್ಸಿನ ರಿಬೋ ಅವರಿಂದ ಬಂತು. ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಎಂದು 1895ರಲ್ಲಿ ಪಿತ್ರ್ ಹೇಳಿದರು. ಎರಡಕ್ಕೂ ಉದಾಹರಣೆಗಳು ಸಿಗುತ್ತವೆ. ಹಾಗಾಗಿ ಅನುಭವಿ ಥೆರಪಿಸ್ಟ್ ಮನೆಯವರನ್ನು ‘ಇವರು ದುಡ್ಡಿನ ಲೆಕ್ಕ ಮಾಡ್ತಿದ್ದುದು ಯಾವ ಭಾಷೇಲಿ?’ ಎಂಬಂಥ ಪ್ರಶ್ನೆಯನ್ನೂ ಕೇಳುತ್ತಾರೆ. ಇಂಗ್ಲಿಷಿನ ಪರೀಕ್ಷೆಯನ್ನು ಹಾಗೆಯೇ ತಂದು ಹಾಕಿದರೆ ನಡೆಯದು. ವಿಭಕ್ತಿ, ಕಾಲ, ಲಿಂಗ, ವಚನಗಳನ್ನೆಲ್ಲ ಪದದ ಬಾಲಕ್ಕೇ ಅಂಟಿಸಿಕೊಳ್ಳುವ ಕನ್ನಡದಲ್ಲಿ ಕೆಡುವುದೂ ಬೇರೆ ಬಗೆಯಲ್ಲಿ.

ಕನ್ನಡಕ್ಕೆ ತಕ್ಕ ಪರೀಕ್ಷೆಗಳನ್ನು ರೂಪಿಸುವ ಕೆಲಸ ಬಹುಮಟ್ಟಿಗೆ ನಡೆದಿರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಆರಂಭವಾದ, ‘ಆಯಿಷ್’ ಎಂದೇ ಹೆಸರಾದ ಈ ಸಂಸ್ಥೆ ದೇಶಕ್ಕೆಲ್ಲ ಥೆರಪಿಸ್ಟ್‌ಗಳನ್ನು ಕೊಟ್ಟಿದೆ. ಸಮತೆಂತೋ ರಂಗತಂಡ ಕಟ್ಟಿದ ನಾಟಕಕಾರ ನ. ರತ್ನ ಇದರ ನಿರ್ದೇಶಕರಾಗಿದ್ದರು. ರಂಗದ ಮೇಲಿನ ಮಾತನ್ನೂ ರೋಗಿಯ ಬಾಯಲ್ಲಿ ನಿಂತ ಮಾತನ್ನೂ ಒಬ್ಬರೇ ಅಷ್ಟು ಕಾಳಜಿಯಿಂದ ನೋಡಿದ್ದು ಕನ್ನಡದ ಭಾಗ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾತಿನ ಚಿಕಿತ್ಸೆಗಾಗಿಯೇ ವಿಭಾಗವಿದೆ. ಆದರೆ ಸ್ಟ್ರೋಕ್ ಮೈಸೂರು, ಬೆಂಗಳೂರುಗಳನ್ನು ಹುಡುಕಿಕೊಂಡು ಬರುವುದಿಲ್ಲ. ಊರಿನಿಂದ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ರೋಗಿಯನ್ನು ಕರೆತರುವುದು ಎಷ್ಟು ಮನೆಗಳಿಗೆ ಸಾಧ್ಯ? ಫೋನಿನ ವಿಡಿಯೊ ಮೂಲಕ ನಡೆಯುವ ಥೆರಪಿ ಮಾತಿನ ಅಭ್ಯಾಸಕ್ಕೆ ಒದಗುತ್ತದೆ. ನುಂಗುವ ಪರೀಕ್ಷೆಗೆ ಮೊದಲ ಸಲವಾದರೂ ಎದುರಿಗೆ ತಜ್ಞರು ಇರಲೇಬೇಕು.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಕೈಗೆ ಬರುವ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿ ಉದ್ದಕ್ಕಿರುತ್ತದೆ. ಮನೆಯವರು ಅಲ್ಲೇ ನಿಂತು ಇನ್ನಷ್ಟು ಕೇಳಿ ಬರೆಸಿಕೊಳ್ಳಬೇಕು. ಆಹಾರ ಯಾವ ಹದದಲ್ಲಿರಬೇಕು, ನೀರು ಹೇಗೆ ಕೊಡಬೇಕು, ಎಷ್ಟು ಎತ್ತರಕ್ಕೆ ಕೂರಿಸಬೇಕು, ಊಟದ ಮೇಲೆ ಎಷ್ಟು ಹೊತ್ತು ಮಲಗಿಸಬಾರದು, ಮಾತ್ರೆಯನ್ನು ಪುಡಿ ಮಾಡಿ ಕೊಡಬಹುದೆ, ಮತ್ತೆ ಪರೀಕ್ಷೆ ಯಾವಾಗ. ಚಿಕಿತ್ಸೆ ಕೊಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೆ ಎಂದು ವಿಚಾರಿಸಲು ಹಿಂಜರಿಯಬಾರದು. ಮೂಗಿನ ಪೈಪಿನಲ್ಲೇ ಊಟ ಕೊಡುತ್ತಿದ್ದರೂ ದಿನಕ್ಕೆರಡು ಸಲ ಬಾಯಿ, ಹಲ್ಲು, ನಾಲಿಗೆ ಉಜ್ಜಿ ಶುಚಿ ಮಾಡುವುದನ್ನು ಬಿಡುವಂತಿಲ್ಲ. ಬಾಯಿಗೆ ಏನೂ ಹಾಕದಿದ್ದರೂ ಎಂಜಲು ಊರುತ್ತಲೇ ಇರುತ್ತದೆ, ಅದು ತಪ್ಪು ದಾರಿಯಲ್ಲಿ ಇಳಿದರೂ ನ್ಯುಮೋನಿಯಾ ಬರುತ್ತದೆ.